ಏರುದಾರಿಯಲ್ಲಿ ದೊಡ್ಡ ಬಾಸು

ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ದೊಡ್ಡ ಬಾಸಿನ ಒಂದು ಸ್ವರ ಬಿಟ್ಟುಹೋಯಿತು. ಸಮಯ ಇಷ್ಟು ಸರಿಯಾಗಿ ನೆನಪಿರುವುದಕ್ಕೆ ಕಾರಣವಿದೆ. ಅದೇ ಗಳಿಗೆಯಲ್ಲಿ ವರನ ಸೋದರಮಾವ ಹಿಂದಿನಿಂದ, "ಹತ್ತೂ ನಲವತ್ತಾಯ್ತು ಕಣ್ರಪ್ಪಾ, ಧಾರೆಗೆ ಹೊತ್ತಾಗ್ತೈತೆ, ಬೇಗ ಹತ್ರಿ" ಎಂದು ಕೂಗಿದ್ದರು. ಆ ಕೂಗು ಮುಗಿಯುವುದರೊಳಗೆ ನನ್ನ ಎಡಗಡೆಯಿಂದ ಬರಬೇಕಾಗಿದ್ದ ಸ್ವರ ಬರಲಿಲ್ಲ.

ಮದುವೆಯ ತಿಂಗಳುಗಳಲ್ಲಿ ನಾನು ಸಕಲೇಶಪುರದ ಒಂದು ಬ್ಯಾಂಡಿನಲ್ಲಿ ಯುಫೋನಿಯಂ ಎಂಬ ಹಿತ್ತಾಳೆ ವಾದ್ಯ ಊದುತ್ತೇನೆ. ಉಳಿದ ದಿನ ಆಲೂರಿನಲ್ಲಿ ಕಾಲೇಜಿನ ಹುಡುಗರಿಗೆ ಪಾಠ ಹೇಳುತ್ತೇನೆ. ಆದ್ದರಿಂದ ಬ್ಯಾಂಡಿನವರೆಲ್ಲ ನನ್ನನ್ನು "ಲೆಕ್ಚರ್ರೇ" ಎಂದೇ ಕರೆಯುವುದು. ನಡೆಯುವಾಗ ನನ್ನ ಜಾಗ ಊದುವವರ ಕೊನೆಯ ಸಾಲಿನಲ್ಲಿ, ದೊಡ್ಡ ಬಾಸಿನ ಪಕ್ಕ. ನಮ್ಮ ಹಿಂದೆ ಡ್ರಮ್ಮು. ದೊಡ್ಡ ಬಾಸು ಎಂದರೆ ಸೂಸಾಫೋನ್. ಅದನ್ನು ಕೈಯಲ್ಲಿ ಹಿಡಿಯುವುದಲ್ಲ, ತಲೆಯ ಮೇಲಿಂದ ಹಾಕಿಕೊಂಡು ಅದರೊಳಗೆ ನಿಲ್ಲುವುದು. ಹಿತ್ತಾಳೆಯ ದಪ್ಪ ಕೊಳವೆ ಎಡಹೆಗಲ ಮೇಲಿಂದ ಇಳಿದು, ಎದೆಯನ್ನು ಸುತ್ತಿ, ಬಲಸೊಂಟದ ಹತ್ತಿರ ಹಾದು ಮತ್ತೆ ಮೇಲೇರಿ, ತಲೆಯ ಮೇಲೆ ದೊಡ್ಡ ಪರಾತದಷ್ಟು ಅಗಲವಾಗಿ ಬಾಯಿ ಬಿಡುತ್ತದೆ.

ಅದನ್ನು ಊದುವವರನ್ನು ನಾವೆಲ್ಲ ಬಾಸಣ್ಣ ಎನ್ನುತ್ತಿದ್ದೆವು. ಅಣ್ಣ ವಾರವಿಡೀ ಕಾಫಿ ಮಂಡಿಯಲ್ಲಿ ಮೂಟೆ ಹೊರುವವರು. ಐವತ್ತು ದಾಟಿದ್ದರೂ ಕುತ್ತಿಗೆ ಮರದ ಬೊಡ್ಡೆಯ ಹಾಗಿತ್ತು. ಒಂದು ಕಾಫಿ ಮೂಟೆಯ ಮೂರನೇ ಒಂದು ಭಾಗದ ತೂಕವೂ ಇಲ್ಲದ ಬಾಸು ಅವರಿಗೆ ಯಾವ ಲೆಕ್ಕ ಎಂದು ನಾವೆಲ್ಲರೂ ತಿಳಿದಿದ್ದೆವು. ಅವರೂ ಹಾಗೆಯೇ ತಿಳಿದಿದ್ದರು. ಆದರೆ ಮೂಟೆ ಹೊರುವವನು ಉಸಿರು ಬಿಗಿಹಿಡಿದು ಹೊರುತ್ತಾನೆ. ಬಾಸು ಹೊತ್ತವನು ಇರುವ ಉಸಿರನ್ನೆಲ್ಲ ಕೊಟ್ಟುಬಿಟ್ಟು ಹೊರಬೇಕು. ಪ್ರತಿ ಎಡಗಾಲಿಗೆ ಒಂದು ಸ್ವರ, ಬಲಗಾಲು ಊರುವ ಅಷ್ಟರಲ್ಲಿ ಬಾಯಿಯ ಮೂಲೆಯಿಂದ ಒಂದು ಉಸಿರು. ಸಮತಟ್ಟಾದ ರಸ್ತೆಯಲ್ಲಿ ಇದು ನಡೆದೀತು. ಏರಿನಲ್ಲಿ ಹೆಜ್ಜೆ ಗಿಡ್ಡವಾಗುತ್ತದೆ, ಉಸಿರಿಗೆ ಸಿಗುವ ಸಮಯವೂ ಗಿಡ್ಡವಾಗುತ್ತದೆ. ಮೈ ಗಾಳಿ ಬೇಡುವ ಹೊತ್ತಿಗೇ ವಾದ್ಯವೂ ಗಾಳಿ ಬೇಡುತ್ತದೆ.

ಅದಕ್ಕಾಗಿಯೇ ನಾವು ಆದಷ್ಟೂ ಏರಿನಲ್ಲಿ ನಡೆದು ಊದುತ್ತಿರಲಿಲ್ಲ. ರಸ್ತೆಯ ಬದಿಯಲ್ಲಿ ಒಂದಷ್ಟು ಬಾರಿಸಿ, ಪಿಕಪ್ ಹತ್ತಿ, ಮೇಲಿನ ಗೇಟಿನಲ್ಲಿ ಇಳಿದು ಮತ್ತೆ ಬಾರಿಸುವುದು ರೂಢಿ. ಆ ದಿನ ದೋಣಿಗಲ್ಲಿನ ಹತ್ತಿರ ಘಾಟಿಯಲ್ಲಿ ಲಾರಿಗಳು ನಿಂತು ದಿಬ್ಬಣದ ಬಸ್ಸು ತಡವಾಯಿತು. ಹೆಣ್ಣಿನ ಮನೆ ಎಸ್ಟೇಟಿನ ಮೇಲ್ತುದಿಯಲ್ಲಿ. ಆ ಕಾಂಕ್ರೀಟು ದಾರಿಯ ತಿರುವುಗಳಲ್ಲಿ ಬಸ್ಸು ತಿರುಗುವುದಿಲ್ಲ. ನಡೆಯಲಾರದ ಮುದುಕಿಯರು ನಮ್ಮ ಪಿಕಪ್ಪಿನಲ್ಲಿ ಕುಳಿತರು, ವರನ ಕಾರು ದಿಬ್ಬಣದ ಹಿಂದೆ ನಿಂತಿತು. "ಗಂಡಿನ ದಿಬ್ಬಣ ಸಪ್ಪಗೆ ಹತ್ತಬಾರ್ದು. ನೀವೂ ಬಾರಿಸ್ಕೊಂಡೇ ಬನ್ನಿ" ಎಂದು ಸೋದರಮಾವ ಹೇಳಿದರು. ನಮ್ಮ ಮಾಸ್ಟರ್, ಎಂದರೆ ಮುಂದೆ ನಿಂತು ಟ್ರಂಪೆಟ್ ಊದುವ ಬ್ಯಾಂಡಿನ ಯಜಮಾನರು, ಒಮ್ಮೆ ದಾರಿಯನ್ನು ನೋಡಿದರು, ಒಮ್ಮೆ ಬಾಸಣ್ಣನನ್ನು ನೋಡಿದರು.

"ಆಯ್ತದಾ?"

"ಯಾಕಾಗಲ್ಲ? ಬಾಸಿಗೂ ಒಸಿ ಬೆಟ್ಟ ಹತ್ತಿ ರೂಢಿಯಾಗ್ಲಿ" ಎಂದು ಅಣ್ಣ ನಕ್ಕರು.

ಏರು ಹತ್ತುವಾಗ ಮೈ ಮುಂದಕ್ಕೆ ಬಾಗುತ್ತದೆ. ಆಗ ಬಾಸಿನ ಅಗಲ ಬಾಯಿ ತಲೆಯ ಮೇಲಿಂದ ಮುಂದಕ್ಕೆ ಎಳೆಯುತ್ತದೆ. ಅದಕ್ಕೆ ನಮ್ಮಲ್ಲಿ ಹಳಬರು ಕಂಡುಕೊಂಡ ಉಪಾಯವೊಂದಿತ್ತು. ಒಂದು ಹತ್ತಿಯ ಶಲ್ಯವನ್ನು ಒದ್ದೆ ಮಾಡಿ ಬಾಸಿನ ಕೆಳಗಿನ ಸುತ್ತನ್ನು ಸೊಂಟಕ್ಕೆ ಬಿಗಿಯುವುದು. ಗಂಟು ಬೆನ್ನ ಹಿಂದೆ. ಒದ್ದೆ ಬಟ್ಟೆ ಜಾರುವುದಿಲ್ಲ. ಮೆರವಣಿಗೆ ಮುಗಿಯುವವರೆಗೆ ಬಾಸು ಮತ್ತು ಮನುಷ್ಯ ಒಂದೇ. ಹಿಂದೆ ನಡೆಯುವವನೇ ಕಟ್ಟಬೇಕು. ಆ ದಿನ ಕಟ್ಟಿದವನು ದೊಡ್ಡ ಡ್ರಮ್ಮಿನವನು.

"ಅಲ್ಲಾಡ್ಬೇಡ ಕಣಣ್ಣ, ಡಾಬು ಕಟ್ತಾ ಇವ್ನಿ. ಮದುವಣಗಿತ್ತೀನೂ ಹೊಟ್ಟೆ ಉರ್ಕಬೇಕು."

"ಬಿಗಿಯಾಗ್ ಕಟ್ಟೋ. ಹೋದ್ಸಲ ನಿನ್ ಡಾಬು ಅರ್ಧ ದಾರೀಲಿ ಬಿಚ್ಕೊಂಡಿತ್ತು."

ಅವನು ಮೊಣಕಾಲು ಕೊಟ್ಟು ಬಿಗಿದ.

ಅಣ್ಣ ಬೆಳಿಗ್ಗೆಯಿಂದ ಒಂದು ಲೋಟ ಕಾಫಿ ಬಿಟ್ಟು ಏನನ್ನೂ ತೆಗೆದುಕೊಂಡಿರಲಿಲ್ಲ. ಹೊಟ್ಟೆ ತುಂಬಿದ್ದರೆ ಗಾಳಿ ಕೆಳಗಿನಿಂದ ಬರುವುದಿಲ್ಲ ಎಂದು ಬಾಸಿನವರು ನಡೆಯುವ ಮೊದಲು ತಿನ್ನುವುದಿಲ್ಲ. ಅದು ಬೇಸಿಗೆಯ ನಡುವಿನ ಕಾಫಿ ಹೂವಿನ ಮಳೆ ಬಂದುಹೋದ ಮಾರನೆಯ ವಾರ. ನೆಲದಿಂದ ಹಬೆ ಏಳುತ್ತಿತ್ತು. ನಮ್ಮದು ಕತ್ತಿನವರೆಗೆ ಗುಂಡಿ ಹಾಕುವ ದಪ್ಪ ಕೆಂಪು ಕೋಟು.

ಮೊದಲ ತಿರುವು ಸಲೀಸಾಗಿ ಹತ್ತಿದೆವು. ಎರಡನೆಯದರಲ್ಲಿ ನನ್ನ ತುಟಿ ಮರಗಟ್ಟತೊಡಗಿತು. ಮೌತ್‌ಪೀಸಿನ ಉಂಗುರ ಹಲ್ಲಿಗೆ ಒತ್ತುತ್ತಿತ್ತು, ತೊಡೆ ನಡುಗುತ್ತಿತ್ತು. ನನ್ನ ವಾದ್ಯ ಬಾಸಿನ ಅರ್ಧ ತೂಕವೂ ಇಲ್ಲ. ಆ ಹೊತ್ತಿಗೇ ಆ ಒಂದು ಸ್ವರ ಬಿಟ್ಟುಹೋದದ್ದು.

ಆಗ ನಾನು ಮಾಡಿದ್ದನ್ನು ಬ್ಯಾಂಡಿನಲ್ಲಿ ಕಲಿತ ಯಾರಾದರೂ ಮಾಡುತ್ತಿದ್ದರು. ಒಬ್ಬನ ಉಸಿರು ತಪ್ಪಿದರೆ ಪಕ್ಕದವನು ಅವನ ಸ್ವರವನ್ನು ತಾನು ಊದಬೇಕು. ನಾವು ಇದನ್ನು ಗ್ಯಾಪು ಮುಚ್ಚುವುದು ಎನ್ನುತ್ತೇವೆ. ಮಾಸ್ಟರ್ ಹೊಸಬರಿಗೆ ಮೊದಲ ದಿನವೇ ಹೇಳುವ ಮಾತು ಅದು: "ಯಾರಿಗೆ ಏನೇ ಆಗ್ಲಿ, ಕೇಳೋರಿಗೆ ಗೊತ್ತಾಗ್ಬಾರ್ದು." ನಾನು ನನ್ನ ಪಾಲಿನ ಸ್ವರವನ್ನು ಬಿಟ್ಟು ಕೆಳಗಿನ ಸ್ವರಕ್ಕೆ ಇಳಿದೆ. ಡ್ರಮ್ಮಿನವನೂ ಎಡಗಾಲಿನ ಪೆಟ್ಟನ್ನು ಜೋರು ಮಾಡಿದ. ಮುಂದೆ ಕುಣಿಯುತ್ತಿದ್ದವರ ಹೆಜ್ಜೆ ಒಂದಿಷ್ಟೂ ಕೆಡಲಿಲ್ಲ. ಇನ್ನೊಂದು ಸ್ವರ ಬಿಟ್ಟುಹೋಯಿತು. ಆಮೇಲೆ ಎರಡು ಬಂದವು. ಆಮೇಲೆ ಒಂದೂ ಬರಲಿಲ್ಲ. ನಾನು ಕಣ್ಣು ಹೊರಳಿಸಿ ನೋಡಿದೆ. ಅಣ್ಣ ನಡೆಯುತ್ತಿದ್ದರು, ಮೌತ್‌ಪೀಸು ತುಟಿಗೇ ಇತ್ತು, ಬೆರಳುಗಳು ವಾಲ್ವುಗಳನ್ನು ಸರಿಯಾಗಿಯೇ ಒತ್ತುತ್ತಿದ್ದವು. ಮುಖ ಮಾತ್ರ ಬೂದಿಯ ಬಣ್ಣಕ್ಕೆ ತಿರುಗಿತ್ತು.

ಮೂರನೆಯ ತಿರುವಿನಲ್ಲಿ ಅವರ ಮೊಣಕಾಲು ಮಡಚಿತು. ಬಾಸಿನ ಬಾಯಿ ಮೊದಲು ನೆಲಕ್ಕೆ ಬಡಿಯಿತು. ಸುತ್ತಿನ ವಾದ್ಯವಾದ್ದರಿಂದ ಬಿದ್ದಲ್ಲಿ ನಿಲ್ಲಲಿಲ್ಲ, ಒಂದು ಹೊರಳು ಹೊರಳಿ ಒಳಗಿದ್ದ ಮನುಷ್ಯನನ್ನೂ ಎಳೆದುಕೊಂಡು ದಾರಿಯ ಪಕ್ಕದ ಚರಂಡಿಗೆ ಇಳಿಯಿತು. ಅಣ್ಣ ಕೆಳಗೆ, ಬಾಸು ಮೇಲೆ. ಚರಂಡಿಯಲ್ಲಿ ನೀರಿರಲಿಲ್ಲ, ಸಿಲ್ವರ್ ಓಕ್ ಮರದ ಕೊಳೆತ ಎಲೆಗಳಿದ್ದವು.

ಬ್ಯಾಂಡು ನಿಲ್ಲಲಿಲ್ಲ.

ಈ ಮಾತನ್ನು ಯಾರಿಗೆ ಹೇಳಿದರೂ ಅವರು ನಂಬುವುದಿಲ್ಲ. ಮುಂದಿದ್ದ ಟ್ರಂಪೆಟ್ಟಿನವರಿಗೆ ಹಿಂದೆ ಏನಾಯಿತೆಂದು ಗೊತ್ತಿಲ್ಲ, ಏಕೆಂದರೆ ಅವರಿಗೆ ಕೇಳಿಸುವುದರಲ್ಲಿ ಏನೂ ಕಡಿಮೆಯಾಗಿರಲಿಲ್ಲ. ಡ್ರಮ್ಮಿನವನು ಬಾಸಣ್ಣ ಬಿದ್ದುದನ್ನು ಕಣ್ಣಾರೆ ಕಂಡೂ ಇನ್ನೊಂದಷ್ಟು ಪೆಟ್ಟು ಹೊಡೆದ. ಅವನ ಕೈ ಕಲಿತದ್ದು ಅದನ್ನೇ. ನಾನೂ ಇನ್ನೊಂದೆರಡು ಸ್ವರ ಊದಿದೆ. ಆಮೇಲೆ ಯುಫೋನಿಯಂ ನೆಲಕ್ಕಿಟ್ಟು ಚರಂಡಿಗೆ ಹಾರಿದೆ.

ಊದುವವನ ತುಟಿಯ ಹತ್ತಿರಕ್ಕೆ ಬಾಗಿ ಬರುವ ತುಂಡು ಕೊಳವೆ ಅವರ ಗಂಟಲಿಗೆ ಒತ್ತಿಕೊಂಡಿತ್ತು. ಬಾಸನ್ನು ಎತ್ತಲು ಹೋದರೆ ಅವರೂ ಅದರ ಜೊತೆಗೇ ಎದ್ದು ಬರುತ್ತಿದ್ದರು, ಕೊಳವೆ ಇನ್ನಷ್ಟು ಒಳಕ್ಕೆ ಒತ್ತುತ್ತಿತ್ತು. ಗಂಟು ಎಲ್ಲಿದೆ ಎಂದು ಬೆನ್ನ ಕೆಳಗೆ ಕೈ ಹಾಕಿದೆ. ಬೆವರಿಗೆ ನೆಂದು ಅದು ಕಲ್ಲಾಗಿತ್ತು.

"ಬಾಯಿ ಬಿಚ್ಚಿ, ಬಾಯಿ ಬಿಚ್ಚಿ" ಎಂದು ಡ್ರಮ್ಮಿನವನು ಮೇಲಿಂದ ಅರಚಿದ. ತಲೆಯ ಮೇಲಿನ ಅಗಲ ಬಾಯಿಯನ್ನು ಮೂರು ಸ್ಕ್ರೂ ತಿರುಗಿಸಿ ಬೇರೆ ಮಾಡಬಹುದು. ಆಗ ಭಾರ ಅರ್ಧವಾಗುತ್ತದೆ. ಒಂದು ಬಿಚ್ಚಿದೆ, ಎರಡನೆಯದು ಬಿಚ್ಚಿದೆ. ಮೂರನೆಯದು ಹೋದ ವರ್ಷ ಬಿರುಕು ಬಿಟ್ಟಾಗ ಬೆಸುಗೆ ಹಾಕಿಸಿದ್ದು, ತಿರುಗುವಂತಿರಲಿಲ್ಲ. ಅಣ್ಣನ ಎದೆ ಎಳೆದುಕೊಳ್ಳುತ್ತಿತ್ತು, ಗಾಳಿ ಮಾತ್ರ ಒಳಗೆ ಹೋಗುತ್ತಿರಲಿಲ್ಲ. ಗೊರಕೆಯಂಥ ಒಂದು ಸದ್ದು. ಅದು ಕೂಡ ಕೊಳವೆಯೊಳಗೆ ಹಾದು ಬಾಸಿನ ಬಾಯಿಯಿಂದ ಸಣ್ಣಗೆ ಕೇಳುತ್ತಿತ್ತು.

ಎತ್ತುವುದೋ ಗಂಟು ಕತ್ತರಿಸುವುದೋ ಎಂದು ಯೋಚಿಸಿದ್ದು ಅಲ್ಲೇ. ಎತ್ತಬಾರದು ಎಂದು ತೀರ್ಮಾನಿಸಿದೆ, ಕತ್ತರಿಸಲು ಕೈಯಲ್ಲಿ ಏನೂ ಇರಲಿಲ್ಲ. ಗಂಟಲ ಮೇಲಿದ್ದ ತುಂಡು ಕೊಳವೆ ಮುಖ್ಯ ಕೊಳವೆಯೊಳಗೆ ಸುಮ್ಮನೆ ಕೂರಿಸಿದ ತುಂಡು. ಶ್ರುತಿ ಸರಿಮಾಡಲು ದಿನವೂ ಎಳೆಯುತ್ತೇವೆ. ಬಾಸನ್ನು ಅಲುಗಾಡದಂತೆ ಹೆಗಲಿನಲ್ಲಿ ತಡೆದು, ಆ ತುಂಡನ್ನು ಅತ್ತಿತ್ತ ತಿರುಚಿ ಎಳೆದೆ. ಅದು ಬಂತು. ಮೌತ್‌ಪೀಸಿನ ಜೊತೆಗೆ ಅವರ ತುಟಿಯ ಒಂದಿಷ್ಟು ಚರ್ಮವೂ ಬಂತು. ಗಂಟಲಿಗೂ ಹಿತ್ತಾಳೆಗೂ ನಡುವೆ ನಾಲ್ಕು ಬೆರಳು ಜಾಗವಾಯಿತು.

ಮೇಲೆ ಗಿಡ ಸವರುತ್ತಿದ್ದ ಎಸ್ಟೇಟಿನ ಹೆಂಗಸೊಬ್ಬಳು ಓಡಿಬಂದು ಕತ್ತಿ ಕೊಟ್ಟಳು. ಡ್ರಮ್ಮಿನವನು ತಾನು ಕಟ್ಟಿದ ಗಂಟನ್ನು ತಾನೇ ಕೊಯ್ದ. ಕೊಯ್ಯುವಾಗ ಅವನು "ಅಣ್ಣಾ, ಅಲ್ಲಾಡ್ಬೇಡ ಕಣಣ್ಣ" ಎಂದು ಹೇಳುತ್ತಲೇ ಇದ್ದ. ಕಟ್ಟುವಾಗ ಹೇಳಿದ್ದ ಅದೇ ಮಾತು. ಅಣ್ಣ ಅಲ್ಲಾಡುತ್ತಲೇ ಇರಲಿಲ್ಲ.

ಇಬ್ಬರೂ ಸೇರಿ ಅವರನ್ನು ಕಾಲಿನ ಕಡೆಯಿಂದ ಬಾಸಿನೊಳಗಿಂದ ಎಳೆದು ತೆಗೆದೆವು. ಕೋಟಿನ ಗುಂಡಿ ಕಿತ್ತೆ. ಆಗ ಒಂದು ಉಸಿರು ಒಳಗೆ ಹೋಯಿತು, ಮರ ಸೀಳಿದ ಹಾಗೆ ಸದ್ದು ಮಾಡಿಕೊಂಡು. ಆಮೇಲೆ ಇನ್ನೊಂದು.

ಅಷ್ಟರಲ್ಲಿ ಸಂಗೀತ ನಿಂತಿತ್ತು. ಸೋದರಮಾವ ಜನರನ್ನು ಸರಿಸಿಕೊಂಡು ಬಂದರು. "ಏನ್ರೀ ಇದು, ದಾರಿ ಮಧ್ಯದಲ್ ಬ್ಯಾಂಡ್ ನಿಲ್ಸ್‌ಬುಟ್ಟಿದೀರ..." ಎಂದವರು ಚರಂಡಿಯನ್ನು ನೋಡಿದರು. ಆಮೇಲೆ ತಿರುಗಿ, ಹೂವಿನಿಂದ ಸಿಂಗರಿಸಿದ್ದ ಕಾರಿನ ಬಾಗಿಲನ್ನು ತಾವೇ ತೆಗೆದರು. ಒಳಗೆ ಬಾಸಿಂಗ ಕಟ್ಟಿಕೊಂಡು ವರ ಕುಳಿತಿದ್ದ.

"ಇಳಿಯಪ್ಪ. ನೀನು ನಡ್ಕೊಂಡ್ ಹತ್ತು."

ವರ ಇಳಿದ. ಮಾಸ್ಟರ್ ಕೈಯಲ್ಲಿ ಟ್ರಂಪೆಟ್ ಹಿಡಿದು, "ನಾವು ಮಿಕ್ಕವ್ರು ಬಾರಿಸ್ಕೊಂಡ್ ಹೋಗ್ಲಾ ಸ್ವಾಮಿ?" ಎಂದು ಕೇಳಿದರು. ಪಾಪ, ಅವರಿಗೆ ಬೇರೇನು ಕೇಳಬೇಕೆಂದು ತೋಚಲಿಲ್ಲ.

"ಬ್ಯಾಡ. ಒಂದ್ಸಲ ಸಪ್ಪಗೇ ಹತ್ತಲಿ" ಎಂದರು ಸೋದರಮಾವ.

ಕಾರು ಹಿಮ್ಮುಖವಾಗಿ ಇಳಿಯುವಾಗ ಹಿಂದಿನ ಸೀಟಿನಲ್ಲಿ ಅಣ್ಣನ ತಲೆ ನನ್ನ ತೊಡೆಯ ಮೇಲಿತ್ತು. ಗಾಜಿನ ಆಚೆ ದಿಬ್ಬಣ ಸದ್ದಿಲ್ಲದೆ ಏರುತ್ತಿತ್ತು. ಚಪ್ಪಲಿಗಳ ಸದ್ದು ಮಾತ್ರ.

ಸಕಲೇಶಪುರದ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದರು. ಗಂಟಲಿನ ಸುತ್ತ ನೀಲಿ ಪಟ್ಟಿ ಎದ್ದಿತ್ತು. ಬೆಳಿಗ್ಗೆ ಏನು ತಿಂದಿದ್ದರು, ಎಷ್ಟು ನೀರು ಕುಡಿದಿದ್ದರು ಎಂದು ವೈದ್ಯರು ಕೇಳಿದ ಪ್ರಶ್ನೆಗಳಿಗೆ ನನ್ನ ಹತ್ತಿರ ಇದ್ದ ಉತ್ತರ ಒಂದು ಲೋಟ ಕಾಫಿ. ಹೃದಯಕ್ಕೆ ಏನೂ ಆಗಿಲ್ಲ, ಬಿಸಿಲು, ಬರಿಹೊಟ್ಟೆ ಮತ್ತು ಆ ಊದುವಿಕೆಯಿಂದ ತಲೆಗೆ ರಕ್ತ ಸಾಲದೆ ಬಿದ್ದಿದ್ದಾರೆ ಎಂದರು. ಹೊಟ್ಟೆ ಒತ್ತಿ ನೋಡುವಾಗ ಇನ್ನೊಂದು ಸಂಗತಿ ಗೊತ್ತಾಯಿತು. ತೊಡೆಸಂದಿಯಲ್ಲಿ ಹರ್ನಿಯಾ ಇತ್ತು, ಹಳೆಯದು. ಅಣ್ಣನಿಗೆ ಗೊತ್ತಿತ್ತು, ಯಾರಿಗೂ ಹೇಳಿರಲಿಲ್ಲ. ಊದುವಾಗ ಅಲ್ಲಿಗೊಂದು ಬಟ್ಟೆಯ ಉಂಡೆ ಇಟ್ಟು ಬಿಗಿದುಕೊಳ್ಳುತ್ತಿದ್ದರಂತೆ. ಅವರೂ ಗ್ಯಾಪು ಮುಚ್ಚಿಕೊಂಡೇ ಬಂದಿದ್ದರು.

ಎಚ್ಚರವಾದಾಗ ಅವರು ಮೊದಲು ಕೇಳಿದ್ದು, "ಬಾಸಿಗೆ ಏನಾಯ್ತು?"

ಮಂಚದ ಪಕ್ಕದಲ್ಲಿ ಕುಳಿತಿದ್ದ ಅವರ ಹೆಂಡತಿ ಅಲ್ಲಿಯವರೆಗೆ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. "ನಿಮ್ ಬಾಸಿಗಿಷ್ಟು ಬೆಂಕಿ ಬೀಳ" ಎಂದು ಅತ್ತುಬಿಟ್ಟರು. ಆಮೇಲೆ ನನ್ನ ಕಡೆ ತಿರುಗಿ, "ಅವ್ರಿಗೆ ಉಸ್ರು ಆಡ್ತಾ ಇಲ್ಲ ಅಂತ ಪಕ್ಕದಲ್ಲಿದ್ದ ನಿಮಗೆ ಗೊತ್ತಾಗ್ಲಿಲ್ವಾ ಲೆಕ್ಚರ್ರೇ?" ಎಂದು ಕೇಳಿದರು. ಜಗಳದ ಧ್ವನಿಯಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕಾಗಿತ್ತು ಅವರಿಗೆ. ಎಲ್ಲರಿಗಿಂತ ಮೊದಲು ಗೊತ್ತಾದದ್ದು ನನಗೇ, ಗೊತ್ತಾದ ಕೂಡಲೇ ಅದನ್ನು ಉಳಿದವರಿಗೆ ತಿಳಿಯದಂತೆ ಮಾಡಿದವನೂ ನಾನೇ ಎಂದು ವಿವರಿಸಲು ನನ್ನಿಂದ ಆಗಲಿಲ್ಲ.

ಅಂದಿನಿಂದ ನನಗೆ ಇಡೀ ರಾತ್ರಿಯ ನಿದ್ದೆ ಬರಲಿಲ್ಲ. ಕೆಟ್ಟ ಕನಸೇನೂ ಅಲ್ಲ. ಮಲಗಿದ ಸ್ವಲ್ಪ ಹೊತ್ತಿಗೆ ಒಳಗೆ ಎಲ್ಲೋ ಆ ಮೆರವಣಿಗೆಯ ತಾಳ ಶುರುವಾಗುತ್ತಿತ್ತು. ಎಡಗಾಲು, ಸ್ವರ. ಎಡಗಾಲು, ಸ್ವರ. ಒಂದು ಕಡೆ ಬಿಟ್ಟುಹೋಗುತ್ತಿತ್ತು, ನಾನು ಎದ್ದು ಕೂರುತ್ತಿದ್ದೆ. ತರಗತಿಯಲ್ಲಿ ಪಾಠ ಮಾಡುತ್ತಿದ್ದಾಗ ಫ್ಯಾನು ಗಕ್ಕೆಂದು ನಿಂತರೂ ಎಡಗಡೆಗೆ ತಿರುಗಿ ನೋಡುತ್ತಿದ್ದೆ.

ಹಾಸನದಲ್ಲಿ ಅಣ್ಣನಿಗೆ ಆಪರೇಷನ್ ಆಯಿತು. ಕೆಲವು ತಿಂಗಳು ಭಾರ ಎತ್ತಬಾರದು, ಊದಲೂಬಾರದು ಎಂದರು. ಅವರು ಮಂಡಿಯಲ್ಲಿ ತೂಕದ ಯಂತ್ರದ ಹತ್ತಿರ ಕುಳಿತುಕೊಳ್ಳುವ ಕೆಲಸ ಹಿಡಿದರು. ಒಂದು ಭಾನುವಾರ ಹೋದಾಗ ಬಾಸಿನ ಮೌತ್‌ಪೀಸು ಅವರ ಅಂಗಿಯ ಜೇಬಿನಲ್ಲಿತ್ತು. ಮಾತಿನ ನಡುವೆ ಅದನ್ನು ತೆಗೆದು ತುಟಿಗಿಟ್ಟು ಬರೀ ಗಾಳಿ ಬಿಡುತ್ತಿದ್ದರು.

"ನಾನ್ ವಾಪಸ್ ಬತ್ತೀನಿ ಕಣ್ರೀ. ಬೇರೆ ಯಾರ್ಗೂ ಕೊಡ್ಬೇಡಿ ಅಂತ ಮಾಸ್ಟರ್ಗೆ ಹೇಳಿ."

"ಮತ್ತೆ ಉಸಿರು ಸಾಲದೆ ಹೋದ್ರೆ?"

"ಸಾಲಿಸ್ಕೋತೀನಿ."

ಅವರು ಮರಳುವುದಿಲ್ಲ ಎನ್ನುವುದು ನನ್ನ ಭಯವಾಗಿರಲಿಲ್ಲ. ಮರಳುತ್ತಾರೆ, ಇನ್ನೊಂದು ಏರಿನಲ್ಲಿ ಉಸಿರು ಸಾಲದಾಗ ಸಾಲಿಸಿಕೊಳ್ಳುತ್ತಾರೆ, ನಿಲ್ಲಿಸಿ ಎಂದು ಬಾಯಿ ಬಿಟ್ಟು ಹೇಳುವುದಿಲ್ಲ. ಭಯ ಅದು.

ಮಳೆಗಾಲದಲ್ಲಿ ಬ್ಯಾಂಡಿಗೆ ಕೆಲಸ ಕಡಿಮೆ. ಆನೇಮಹಲಿನ ಹತ್ತಿರ ನಾವು ವಾದ್ಯ ಇಡುವ ಕೋಣೆಯಲ್ಲಿ ನಾನು ನೆಗ್ಗು ತೆಗೆಸಿದ್ದ ಬಾಸಿಗೆ ಬೇರೆ ಮೌತ್‌ಪೀಸು ಕೂರಿಸಿ ಹಾಕಿಕೊಂಡು ನೋಡಿದೆ. ಅಂಗಳದಲ್ಲಿ ಒಂದು ಹಾಡು ಮುಗಿಯುವಷ್ಟರಲ್ಲಿ ಎಡಹೆಗಲು ಜೋಮು ಹಿಡಿದಿತ್ತು, ಕಣ್ಣ ಮುಂದೆ ಚುಕ್ಕೆ ಬಂದವು. ಬೆಲ್ಟ್ ಹೊಲಿಯುವವನ ಹತ್ತಿರ ಹೋಗಿ, ಶಲ್ಯದ ಬದಲಿಗೆ ಎದೆಯ ಮೇಲೆ ಬಕಲ್ ಬರುವಂತೆ ಅಗಲವಾದ ಪಟ್ಟಿಯೊಂದನ್ನು ಹೊಲಿಸಿದೆ. ಊದುವವನು ತಾನೇ ಒಂದು ಕೈಯಲ್ಲಿ ಎಳೆದರೆ ಬಿಚ್ಚಿಕೊಳ್ಳಬೇಕು. ಮೊದಲನೆಯದು ಏರಿನ ಎಳೆತಕ್ಕೆ ತಾನಾಗಿಯೇ ಬಿಚ್ಚಿತು. ಎರಡನೆಯದರ ಬಕಲ್ ಬೆವರಿದ ಕೈಗೆ ಸಿಗಲಿಲ್ಲ. ಮೂರನೆಯದಕ್ಕೆ ಹಿಡಿದೆಳೆಯಲು ಒಂದು ತೊಗಲಿನ ಕುಚ್ಚು ಕಟ್ಟಿಸಿದೆ. ಅದು ಕೆಲಸ ಮಾಡಿತು.

ಪಟ್ಟಿಗೆ ಮಾಸ್ಟರ್ ಒಪ್ಪಿದರು. ಏರಿನಲ್ಲಿ ಹಿತ್ತಾಳೆ ಊದುವುದು ಬೇಡ, ಡ್ರಮ್ಮು ಮಾತ್ರ ಇರಲಿ ಎಂದದ್ದಕ್ಕೂ ಒಪ್ಪಿದರು. ಒಬ್ಬನ ಸ್ವರ ಬಿಟ್ಟುಹೋದರೆ ಯಾರೂ ಅದನ್ನು ಮುಚ್ಚಬಾರದು, ಎಲ್ಲರೂ ನಿಲ್ಲಿಸಬೇಕು ಎಂದಾಗ ಸಿಟ್ಟಾದರು.

"ಬ್ಯಾಂಡ್ ಅಂದ್ರೇನೇ ಒಬ್ಬರದ್ದು ಒಬ್ರು ಮುಚ್ಚೋದು ಕಣಯ್ಯಾ. ಇಲ್ದಿದ್ರೆ ಒಬ್ಬೊಬ್ರೇ ಮನೇಲಿ ಕೂತು ಊದ್ಕಬೋದಲ್ಲ?"

ಡ್ರಮ್ಮಿನವನು ಹೇಳಿದ: "ಅವತ್ತು ಅಣ್ಣ ಬಿದ್ದ ಮ್ಯಾಲೂ ನಾನು ಹೊಡಿತಾನೇ ಇದ್ದೆ ಮಾಸ್ಟರ್. ನನ್ ಕೈ ನಿಲ್ಲಲೇ ಇಲ್ಲ. ಅದನ್ ನಾನು ಯಾರ್ಗೂ ಹೇಳಿಲ್ಲ." ಯಾವಾಗಲೂ ತಮಾಷೆ ಮಾಡುವ ಮನುಷ್ಯ. ಮಾಸ್ಟರ್ ತಮ್ಮ ಟ್ರಂಪೆಟ್ಟಿನ ನೀರು ಚೆಲ್ಲಿ, ಒರೆಸಿ, ಪೆಟ್ಟಿಗೆಯಲ್ಲಿಟ್ಟು, "ಆಯ್ತು, ನೋಡಾಣ" ಎಂದರು.

ಅಣ್ಣ ಮರಳಿದ್ದು ಮಳೆ ನಿಂತು ಮತ್ತೆ ಮದುವೆಗಳು ಶುರುವಾದಾಗ, ಆಲೂರಿನ ಕಡೆಯ ಒಂದು ಹಳ್ಳಿಯಲ್ಲಿ. ಅವರ ಹೆಂಡತಿ ಇಡ್ಲಿ ಕಟ್ಟಿ ಕಳುಹಿಸಿದ್ದರು. ಅದನ್ನು ನಮ್ಮೆಲ್ಲರ ಮುಂದೆ ತಿನ್ನಿಸಬೇಕೆಂದು ಡ್ರಮ್ಮಿನವನಿಗೆ ಅಪ್ಪಣೆಯಾಗಿತ್ತು. "ಇನ್ನೊಂದು ನುಂಗಣ್ಣ. ಇಲ್ದಿದ್ರೆ ಅತ್ತಿಗೆ ನನ್ನ ಚರ್ಮ ಸುಲಿದು ಡ್ರಮ್ಮಿಗೆ ಹಾಕ್ತಾಳೆ" ಎಂದು ಅವನು ಪಕ್ಕದಲ್ಲೇ ನಿಂತ. ಹೊಸ ಪಟ್ಟಿಯ ಕುಚ್ಚು ಹಿಡಿದು ಅಣ್ಣ ನಕ್ಕರು. "ಇದೇನ್ರೀ ಲೆಕ್ಚರ್ರೇ, ಎತ್ತಿನ್ ಕೊರಳಿಗ್ ಕಟ್ಟೋದು."

ಬಸ್‌ಸ್ಟ್ಯಾಂಡಿನಿಂದ ಛತ್ರದವರೆಗೆ ಸಮತಟ್ಟು ರಸ್ತೆ. ಕೊನೆಯಲ್ಲಿ ಮಾತ್ರ ಒಂದು ದಿಣ್ಣೆ, ಏರು ಎಂದು ಯಾರೂ ಕರೆಯಲಾರದಷ್ಟು ಸಣ್ಣದು. ಅದಕ್ಕೇ ಯಾರೂ ಊದುವುದನ್ನು ನಿಲ್ಲಿಸಿರಲಿಲ್ಲ. ದಿಣ್ಣೆಯ ಬುಡ ಬಂದಾಗ ನನ್ನ ಎಡಗಡೆಯಿಂದ ಒಂದು ಸ್ವರ ಬಿಟ್ಟುಹೋಯಿತು.

ನನ್ನ ಬೆರಳುಗಳು ಕೆಳಗಿನ ಸ್ವರಕ್ಕೆ ಆಗಲೇ ಇಳಿದಿದ್ದವು. ನಾನು ಬಾಯಿಂದ ವಾದ್ಯ ತೆಗೆದೆ. ಡ್ರಮ್ಮಿನವನು ಕೋಲನ್ನು ಎದೆಗೆ ಒತ್ತಿ ಹಿಡಿದ. ಹಾಡಿನಲ್ಲಿ ಒಂದು ತೂತು ಬಿತ್ತು, ರಸ್ತೆಯ ಆ ಕಡೆ ನಿಂತವರಿಗೂ ಕೇಳುವಂಥ ತೂತು. ಕುಣಿಯುತ್ತಿದ್ದವರು ಕಾಲು ಎತ್ತಿದಲ್ಲೇ ನಿಂತರು. ಮಾಸ್ಟರ್ ತಿರುಗಿ ನೋಡಿ ಟ್ರಂಪೆಟ್ ಇಳಿಸಿದರು.

ಅಣ್ಣ ನೆಟ್ಟಗೇ ನಿಂತಿದ್ದರು. ಮುಖದಲ್ಲಿ ಬಣ್ಣವಿತ್ತು. ಕೈ ಎತ್ತಿ ಕುಚ್ಚು ಎಳೆದರು, ಪಟ್ಟಿ ಬಿಚ್ಚಿಕೊಂಡಿತು. ತಲೆಯ ಮೇಲಿಂದ ಬಾಸನ್ನು ಎತ್ತಿ ನೆಲಕ್ಕಿಟ್ಟು, ಅಲ್ಲೇ ಇದ್ದ ಕಿಲೋಮೀಟರ್ ಕಲ್ಲಿನ ಮೇಲೆ ಕುಳಿತರು.

"ಸಾಕು ಮಾರಾಯ. ನನ್ ಕೈಲಿ ಇಲ್ಲೀಗಂಟ್ಲೇ ಆಗೋದು. ಮಿಕ್ಕಿದ್ದು ನೀವ್ ನಡೀರಿ, ನಾನ್ ಪಿಕಪ್ಪಲ್ ಬತ್ತೀನಿ."

ಅವರು ಅದನ್ನು ಜೋರಾಗಿಯೇ ಹೇಳಿದರು. ಯಾರೋ ನಕ್ಕರು, ಅವರೂ ನಕ್ಕರು. ನಾವು ದಿಣ್ಣೆಯನ್ನು ಡ್ರಮ್ಮಿನ ಸದ್ದಿನಲ್ಲೇ ಹತ್ತಿದೆವು. ನನ್ನ ಎಡಗಡೆಯ ಜಾಗ ಖಾಲಿಯಿತ್ತು, ಅಲ್ಲಿಗೆ ಯಾರೂ ಸರಿದುಬರಲಿಲ್ಲ.

ಮಾರನೆಯ ದಿನ ನನಗೆ ಎಚ್ಚರವಾದಾಗ ಬಿಸಿಲು ಕಿಟಕಿ ದಾಟಿ ಹಾಸಿಗೆಯ ಅಂಚಿಗೆ ಬಂದಿತ್ತು. ಯುಫೋನಿಯಂ ಬಾಗಿಲ ಹಿಂದೆ ಇಟ್ಟಲ್ಲೇ ಇತ್ತು, ಮೈಮೇಲೆ ಹಿಂದಿನ ದಿನದ ಕೆಂಪು ಕೋಟು. ಗುಂಡಿ ಬಿಚ್ಚುವಷ್ಟರಲ್ಲೇ ನಿದ್ದೆ ಹೋಗಿದ್ದೆ.